ಹಂತಹಂತವಾಗಿ ಏಳುವ ಪಾಠಶಾಲೆ

ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷ ದೇವಾಲಯವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಅಲ್ಲಿಂದ ತುಸು ದೂರದಲ್ಲಿರುವ ಪಾಪನಾಥ ದೇವಾಲಯದ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ಅದರ ಶಿಖರ ಉತ್ತರದ ನಾಗರ ಶೈಲಿಯದು; ಗೋಡೆಗಳಲ್ಲಿ ದಕ್ಷಿಣದ ದ್ರಾವಿಡ ಶೈಲಿಯ ಅಂಶಗಳು ಬೆರೆತಿವೆ; ಮಂಟಪಗಳ ಉದ್ದವನ್ನು ನೋಡಿದರೆ ಶಿಖರ ಚಿಕ್ಕದಾಯಿತೇನೋ ಎನಿಸುತ್ತದೆ. ಈ ದೇವಾಲಯ ಒಂದೇ ಬಾರಿಗೆ ಆದುದಲ್ಲ, ನಡುವೆ ಯೋಜನೆ ಬದಲಾಗಿ ಹಂತಹಂತವಾಗಿ ಬೆಳೆದುದು ಎಂದು ವಿದ್ವಾಂಸರು ಊಹಿಸಿದ್ದಾರೆ.

ನಮ್ಮ ಕಾಲದಲ್ಲಿ ಕಲ್ಲು ಗಾರೆಗಳಿಲ್ಲದೆ ಕಟ್ಟುವ ಕಟ್ಟಡವೊಂದಿದೆ. ಅದೇ ಅಂತರಜಾಲದ ಕಲಿಕಾ ವೇದಿಕೆ. ಪಾಠಗಳು, ಚಿತ್ರಗಳು, ಅಭ್ಯಾಸದ ಪ್ರಶ್ನೆಗಳು, ವಿದ್ಯಾರ್ಥಿ ಬರೆದ ಉತ್ತರ, ಶಿಕ್ಷಕರು ಮಾಡಿದ ತಿದ್ದುಪಡಿ, ಇವೆಲ್ಲವನ್ನೂ ಒಂದೆಡೆ ಇರಿಸಿ ಬೇಕಾದಾಗ ಒದಗಿಸುವ ತಂತ್ರಾಂಶವಿದು. ತಂತ್ರಾಂಶವೆಂದರೆ ಗಣಕಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಮಾಲೆ. ಆ ಆಜ್ಞೆಗಳ ಮೂಲಪ್ರತಿಯನ್ನು ಬಚ್ಚಿಡದೆ, ಯಾರು ಬೇಕಾದರೂ ಓದಲು, ತಿದ್ದಲು, ಹಂಚಲು ಬಿಟ್ಟಿದ್ದರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ಮುಕ್ತವೆಂದರೆ ಪುಕ್ಕಟೆ ಎಂದಷ್ಟೇ ಅರ್ಥವಲ್ಲ. ಪುಕ್ಕಟೆಯಾಗಿ ಬಡಿಸಿದ ಊಟದಲ್ಲಿ ಉಪ್ಪು ಕಡಿಮೆಯಾದರೆ ಉಣ್ಣುವವನು ಸುಮ್ಮನಿರಬೇಕು. ಅಡುಗೆಮನೆಯ ಬಾಗಿಲೇ ತೆರೆದಿದ್ದರೆ ಅವನು ತಾನೇ ಎದ್ದುಹೋಗಿ ಉಪ್ಪು ಹಾಕಿಕೊಳ್ಳಬಹುದು.

ಇಂತಹ ವೇದಿಕೆಗಳಲ್ಲಿ ಜಗತ್ತಿನಾದ್ಯಂತ ಹೆಸರಾದುದು ಮೂಡಲ್. ಇದನ್ನು ಆರಂಭಿಸಿದವರು ಆಸ್ಟ್ರೇಲಿಯದ ಮಾರ್ಟಿನ್ ಡೌಗಿಯಾಮಸ್. ಆ ದೇಶದ ಪಶ್ಚಿಮದ ಮರುಭೂಮಿಯ ಒಂದು ಒಂಟಿ ನೆಲೆಯಲ್ಲಿ ಬೆಳೆದ ಅವರು ಬಾಲ್ಯದಲ್ಲಿ ರೇಡಿಯೊ ಮೂಲಕ ದೂರದ ಶಿಕ್ಷಕರ ಪಾಠ ಕೇಳಿ ಕಲಿತವರು. ಮುಂದೆ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ಸಂಸ್ಥೆಯೊಂದರ ಕಲಿಕಾ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದಾಗ ಅದರ ಕೊರತೆಗಳನ್ನು ಕಂಡು ತಾವೇ ಒಂದನ್ನು ರಚಿಸತೊಡಗಿದರು. ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದುದು 2002ರ ಆಗಸ್ಟಿನಲ್ಲಿ. ಎರಡನೆಯ ಮಹಾ ಆವೃತ್ತಿಗೆ 2010ರವರೆಗೆ, ನಾಲ್ಕನೆಯದಕ್ಕೆ 2022ರವರೆಗೆ ಕಾಯಬೇಕಾಯಿತು. ಆತುರಪಡುವವರಿಗೆ ಈ ಲೆಕ್ಕ ರುಚಿಸಲಾರದು.

ನಮ್ಮ ರಾಜ್ಯದಲ್ಲಿ ನಡೆದುದು ಇದಕ್ಕಿಂತಲೂ ಗಮನಾರ್ಹವೆಂದು ನನಗೆ ತೋರುತ್ತದೆ. 2011ರಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಆರಂಭವಾಯಿತು. ಶಿಕ್ಷಣ ಇಲಾಖೆಯೊಡನೆ ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆ ಇದರಲ್ಲಿ ಕೈಜೋಡಿಸಿತ್ತು. ಶಿಕ್ಷಕರು ಮೊದಲು ಮುಕ್ತ ತಂತ್ರಾಂಶಗಳನ್ನು ಬಳಸುವುದನ್ನು ಕಲಿತರು. ಅನಂತರ ಮಿಂಚಂಚೆಯ ಮೂಲಕ ತಮ್ಮ ತಮ್ಮಲ್ಲೇ ಪ್ರಶ್ನೆ, ಪಾಠಯೋಜನೆ, ಚಿತ್ರಗಳನ್ನು ಹಂಚಿಕೊಂಡರು. ಹೀಗೆ ಸೇರಿದ ಸಾಮಗ್ರಿಗೆ ಮನೆ ಬೇಕೆಂದಾದ ಮೇಲೆ, 2013ರಲ್ಲಿ, ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣ ರೂಪುಗೊಂಡಿತು. ಮೊದಲು ಜನ, ಆಮೇಲೆ ಮನೆ. ಸಾಮಾನ್ಯವಾಗಿ ಈ ಕ್ರಮ ತಲೆಕೆಳಗಾಗಿರುತ್ತದೆ.

ಆ ಜಾಲತಾಣಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶವೂ ಒಂದೇ ದಿನ ಹುಟ್ಟಿದುದಲ್ಲ. 2001ರಲ್ಲಿ ಆರಂಭವಾದ ವಿಕಿಪೀಡಿಯ ವಿಶ್ವಕೋಶ ಮೊದಲು ಬೇರೊಬ್ಬರು ಬರೆದಿದ್ದ ಸರಳ ತಂತ್ರಾಂಶದ ಮೇಲೆ ನಡೆಯಿತು. ಅದು ಸಾಲದಾದಾಗ ಜರ್ಮನಿಯ ವಿದ್ಯಾರ್ಥಿ ಮಾಗ್ನುಸ್ ಮಾನ್ಸ್ಕೆ ಬರೆದ ಎರಡನೆಯದು 2002ರ ಜನವರಿಯಲ್ಲಿ ಬಂದಿತು. ಬಳಸುವವರು ಹೆಚ್ಚಿ ಅದೂ ನಿಧಾನವಾದಾಗ ಅದೇ ವರ್ಷದ ಜುಲೈಯಲ್ಲಿ ಲೀ ಡೇನಿಯಲ್ ಕ್ರಾಕರ್ ಅದನ್ನು ಪುನಃ ರಚಿಸಿದರು. ಇವುಗಳನ್ನು ಒಂದನೆಯ, ಎರಡನೆಯ, ಮೂರನೆಯ ಹಂತಗಳೆಂದೇ ಕರೆಯುತ್ತಿದ್ದರು. ಮುಂದಿನ ಹಂತ ಏನಾಗಬೇಕೆಂಬುದನ್ನು ಬಳಕೆಯ ಒತ್ತಡವೇ ತೋರಿಸಿಕೊಟ್ಟಿತು.

ಈಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಪ್ರೌಢಶಾಲೆಗಳಿಗೆ ಇಂತಹ ವೇದಿಕೆಯೊಂದನ್ನು ರೂಪಿಸಬೇಕಾಗಿದೆ ಎಂದು ಭಾವಿಸೋಣ. ಯೋಜನೆಯ ಸಭೆಯಲ್ಲಿ ಮೊದಲು ಚರ್ಚೆಗೆ ಬರುವುದು ಪ್ರಾಯಶಃ ಮುಖಪುಟದ ಬಣ್ಣ! ಆಮೇಲೆ ಚಲಚ್ಚಿತ್ರದ ಪಾಠ, ನೇರ ಪ್ರಸಾರ, ಅಂಕಪಟ್ಟಿ ಎಂದು ಪಟ್ಟಿ ಬೆಳೆಯುತ್ತದೆ. ಕನ್ನಡವನ್ನು ಕೊನೆಯ ಹಂತಕ್ಕೆ, ದುರ್ಬಲ ಸಂಪರ್ಕವಿರುವ ಊರುಗಳನ್ನು ಅದಕ್ಕೂ ಆಚೆಗೆ ತಳ್ಳಿಬಿಡುವುದು ಸುಲಭ. ಆದರೆ ವೇದಿಕೆ ಯಾರಿಗಾಗಿ? 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ದೂರವಾಣಿ. ಹಗಲೆಲ್ಲ ಅದು ದುಡಿಯಲು ಹೋದವರ ಜೇಬಿನಲ್ಲಿರುತ್ತಿತ್ತು. ಅಂತಹ ಮನೆಯ ಹುಡುಗಿಗೆ ಮೊದಲ ಹಂತದಲ್ಲಿ ಏನೂ ಸಿಗದಿದ್ದರೆ ಎರಡನೆಯ ಹಂತ ಬರುವಷ್ಟರಲ್ಲಿ ಅವಳು ಶಾಲೆಯಲ್ಲಿಯೇ ಇರಲಾರಳು.

ಆದ್ದರಿಂದ ಮೊದಲ ಹಂತ ಚಿಕ್ಕದಾಗಿರಬೇಕು, ಆದರೆ ಕಟ್ಟಕಡೆಯ ವಿದ್ಯಾರ್ಥಿಗೂ ತಲುಪಬೇಕು. ಕನ್ನಡದಲ್ಲಿ ಬರೆದ ಪಾಠಗಳು, ಹಗುರವಾದ ರೇಖಾಚಿತ್ರಗಳು, ಇಷ್ಟೇ ಸಾಕು. ಸಂಪರ್ಕ ಸಿಕ್ಕಾಗ ಅವನ್ನು ಇಳಿಸಿಕೊಂಡು, ಇಲ್ಲದಾಗಲೂ ಓದುವಂತಿರಬೇಕು. ಶಾಲೆಯ ಗಣಕದಲ್ಲಿ ಅದರ ಪ್ರತಿಯೊಂದು ನೆಲೆಸಿರಬೇಕು. ಅಕ್ಷರಗಳು ಯುನಿಕೋಡ್ ಸಂಕೇತದಲ್ಲಿರುವುದು ಅಗತ್ಯ. ಹಿಂದೆ ಒಂದೊಂದು ಕನ್ನಡ ತಂತ್ರಾಂಶವೂ ತನ್ನದೇ ಸಂಕೇತವನ್ನು ಬಳಸುತ್ತಿತ್ತು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣಿಸುತ್ತಿತ್ತು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಎಲ್ಲ ಕಡೆ ಬಳಕೆಗೆ ಬರಲು ಬಹಳ ವರ್ಷಗಳು ಬೇಕಾದವು.

ಎರಡನೆಯ ಹಂತದಲ್ಲಿ ಅಭ್ಯಾಸದ ಪ್ರಶ್ನೆಗಳು, ಮೂರನೆಯದರಲ್ಲಿ ಶಿಕ್ಷಕ–ವಿದ್ಯಾರ್ಥಿಗಳ ಪ್ರಶ್ನೋತ್ತರ ಬರಬಹುದು. ಹೆಚ್ಚು ಮುಖ್ಯವಾದುದು ಎರಡು ಹಂತಗಳ ನಡುವಣ ಬಿಡುವು. ಆಗ ಕೆಲಸ ನಿಂತಂತೆ ತೋರುತ್ತದೆ. ಹಣ ಕೊಟ್ಟವರು ಗೊಣಗುತ್ತಾರೆ. ಆದರೆ ಯಾವ ಪಾಠವನ್ನು ಮಕ್ಕಳು ಅರ್ಧಕ್ಕೆ ಬಿಟ್ಟರು, ಯಾವ ಪದ ಹುನಗುಂದದ ತರಗತಿಯಲ್ಲಿ ತಿಳಿಯಲಿಲ್ಲ, ಯಾವ ಶಾಲೆಯಲ್ಲಿ ವಿದ್ಯುತ್ತು ಕೈಕೊಟ್ಟಿತು ಎಂಬುದು ಗೊತ್ತಾಗುವುದು ಆ ಬಿಡುವಿನಲ್ಲಿಯೇ.

ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರು ಬರೆದ ಭಾಗಗಳು ಒಂದಾಗುವುದು ಹೇಗೆ? ಇಳಕಲ್ಲಿನ ನೇಕಾರರನ್ನು ಕೇಳಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಕೆಂಪು ರೇಷ್ಮೆಯ ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿಹಾಕಿ ಕೂಡಿಸುತ್ತಾರೆ. ಎಲ್ಲಿ, ಹೇಗೆ ಕೂಡಬೇಕೆಂಬ ನಿಯಮ ಮೊದಲೇ ನಿಶ್ಚಯವಾಗಿರುವುದರಿಂದ ಈ ಬೆಸುಗೆ ಸಾಧ್ಯ. ಮೂಡಲ್‌ನಂತಹ ತಂತ್ರಾಂಶದಲ್ಲಿಯೂ ನಡುವಿನ ಒಡಲು ಒಂದು. ಉಳಿದ ಸೌಲಭ್ಯಗಳು ಕೊಂಡಿಯಿಂದ ಸೇರುವ ಘಟಕಗಳು. ಕೊಂಡಿಯ ನಿಯಮವನ್ನು ಬರೆದಿಟ್ಟರೆ ಎಲ್ಲಿಯೋ ಇರುವ ಅಪರಿಚಿತನೊಬ್ಬ ನಾಳೆ ಹೊಸ ಸೆರಗನ್ನು ಹಚ್ಚಬಲ್ಲ.

ರಾಜ್ಯದ ಪಠ್ಯಪುಸ್ತಕಗಳ ಪುಟಗಳಲ್ಲಿ ಕಪ್ಪು–ಬಿಳಿ ಚೌಕದ ಗುರುತನ್ನು ನೀವು ಕಂಡಿರಬಹುದು. ಅದು 2017ರ ಸೆಪ್ಟೆಂಬರ್ 5ರಂದು ಆರಂಭವಾದ ‘ದೀಕ್ಷಾ’ ವೇದಿಕೆಗೆ ದಾರಿ. ಅದರ ಅಡಿಪಾಯ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ರೂಪಿಸಿದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶ. ಹೀಗಿರುವಾಗ ನಮ್ಮ ನಾಲ್ಕು ಊರುಗಳ ಯೋಜನೆ ಶೂನ್ಯದಿಂದ ಹೊರಡಬೇಕಾಗಿಲ್ಲ; ಇದ್ದ ಮೂಲಪ್ರತಿಯನ್ನು ತಂದು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಅದಕ್ಕಾಗಿ ತಾಲ್ಲೂಕಿಗೆ ಇಬ್ಬರು ಶಿಕ್ಷಕರಾದರೂ ಆ ತಿದ್ದುವ ವಿದ್ಯೆಯನ್ನು ಮೊದಲ ಹಂತದಲ್ಲಿಯೇ ಕಲಿಯಬೇಕು.

ಇನ್ನು ಉಳಿದುದು ರಕ್ಷಣೆಯ ಮಾತು. ಪಾಠಗಳ, ಉತ್ತರಗಳ ಪ್ರತಿಯೊಂದನ್ನು ದಿನವೂ ತೆಗೆದು, ಬಾಗಲಕೋಟೆಯಲ್ಲಿ ಒಂದು, ದೂರದ ಬೇರೊಂದು ಊರಿನಲ್ಲಿ ಇನ್ನೊಂದು ಇರಿಸಬೇಕು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗವನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದು ನೆಲೆಸಿದ ಜನರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.