ಸೈಕಲ್ ಸವಾರಿಯಲ್ಲಿ ಕಂಪನ ಮತ್ತು ದೈಹಿಕ ಸಹಿಷ್ಣುತೆ

ರಸ್ತೆಯ ಏರುಪೇರುಗಳು ಚಕ್ರ, ಚೌಕಟ್ಟು, ಹ್ಯಾಂಡಲ್, ಪೆಡಲ್ ಮತ್ತು ಸೀಟಿನ ಮೂಲಕ ಸವಾರನ ದೇಹವನ್ನು ತಲುಪುವುದನ್ನು ಸೈಕಲ್ ಸವಾರಿಯ ಕಂಪನ ಎನ್ನುತ್ತಾರೆ. ದೀರ್ಘಕಾಲ ದಣಿಯದೆ ಶ್ರಮಿಸುವ ಶಕ್ತಿಯೇ ಸಹಿಷ್ಣುತೆ. ಕಂಪನವು ತೀವ್ರವಾದಾಗ ಸವಾರನು ಅಷ್ಟೇ ದೂರಕ್ಕೆ ಹೆಚ್ಚು ದಣಿಯುತ್ತಾನೆ.

ಕಾರಣಗಳು

ಕಂಪನವನ್ನು ತಗ್ಗಿಸಲು ತೋಳು, ಭುಜ, ಬೆನ್ನು ಮತ್ತು ತೊಡೆಯ ಸ್ನಾಯುಗಳು ಬಿಗಿಯಾಗುತ್ತವೆ. ಈ ಬಿಗಿತವು ಸೈಕಲನ್ನು ಮುಂದಕ್ಕೆ ಒಯ್ಯುವುದಿಲ್ಲ. ಆದರೂ ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ಕುಳಿತ ಭಂಗಿಯಲ್ಲಿ ಮಾನವ ದೇಹವು ಸೆಕೆಂಡಿಗೆ ಸುಮಾರು 4ರಿಂದ 8 ಬಾರಿಯ ಲಂಬ ಕಂಪನಕ್ಕೆ ಹೆಚ್ಚು ಸ್ಪಂದಿಸುತ್ತದೆ. ಹ್ಯಾಂಡಲ್ಲಿನ ಒತ್ತಡ ಮತ್ತು ಕಂಪನದಿಂದ ಅಂಗೈಯ ನರ ನಲುಗಿದರೆ ಕಿರುಬೆರಳು ಹಾಗೂ ಉಂಗುರಬೆರಳು ಜೋಮು ಹಿಡಿಯುತ್ತವೆ.

ವೇಗದ ಪಾತ್ರವೂ ದೊಡ್ಡದು. 25 ಸೆಂಟಿಮೀಟರ್ ಅಂತರದ ಉಬ್ಬುಗಳಿರುವ ಹಾದಿಯಲ್ಲಿ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸಾಗುವ ಚಕ್ರವು ಸೆಕೆಂಡಿಗೆ 5 ಮೀಟರ್ ಕ್ರಮಿಸಿ 20 ಉಬ್ಬುಗಳನ್ನು ಹಾಯುತ್ತದೆ. ವೇಗ 9 ಕಿಲೋಮೀಟರಿಗೆ ಇಳಿದರೆ ಉಬ್ಬುಗಳು 10ಕ್ಕೆ ಇಳಿಯುತ್ತವೆ. ಚಕ್ರವು ಉಬ್ಬುಗಳನ್ನು ಹಾಗೆಯೇ ಅನುಸರಿಸಿದಲ್ಲಿ ಕುಲುಕಾಟದ ವೇಗೋತ್ಕರ್ಷವು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಇತಿಹಾಸ

1860ರ ದಶಕದ, ಕಬ್ಬಿಣದ ಪಟ್ಟಿಯ ಮರದ ಚಕ್ರಗಳ ಸೈಕಲನ್ನು ಇಂಗ್ಲೆಂಡಿನ ಜನರು 'ಮೂಳೆ ಕುಲುಕುವ ಗಾಡಿ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅವರು ಅದನ್ನು ಮೊದಲು ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ರೂಪಿಸಿದ್ದರು. 1896ರಲ್ಲಿ ಆರಂಭವಾದ ಫ್ರಾನ್ಸಿನ ಪ್ಯಾರಿಸ್–ರೂಬೆ ಸ್ಪರ್ಧೆಯು ಕಲ್ಲುಹಾಸಿನ ಹಾದಿಗಳಿಗೆ ಹೆಸರಾಗಿದೆ; ಅಲ್ಲಿ ಸ್ಪರ್ಧಿಗಳು ಅಗಲವಾದ ಟೈರುಗಳನ್ನು ಕಡಿಮೆ ಗಾಳಿಯೊತ್ತಡದಲ್ಲಿ ಬಳಸುತ್ತಾರೆ.

ಮಂಡ್ಯ ಜಿಲ್ಲೆಯ ಸಂದರ್ಭ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಸವಾರನಿಗೆ ಹಲವು ಬಗೆಯ ಹಾದಿಗಳು ಎದುರಾಗುತ್ತವೆ: ಡಾಂಬರು ರಸ್ತೆ, ನಾಲೆಯ ಏರಿ, ಕಬ್ಬಿನ ಗದ್ದೆಗಳ ಗಾಡಿಜಾಡು, ಜಲ್ಲಿ ಹರಡಿದ ಹಳ್ಳಿಯ ದಾರಿ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡಿದ ಮಣ್ಣಿನ ಹಾದಿ ಒಣಗಿದ ಮೇಲೆ ಗಟ್ಟಿ ಏಣುಗಳಾಗಿ ಉಳಿಯುತ್ತದೆ.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಬೈಸಿಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯಿಂದ ಪ್ರೌಢಶಾಲೆಗೆ ಸೈಕಲ್ ತುಳಿಯುವ ಮಗುವಿಗೆ ದೂರದಷ್ಟೇ ಹಾದಿಯ ಗುಣವೂ ಮುಖ್ಯ. ಕುಲುಕಾಟದಿಂದ ದಣಿದು ತರಗತಿಗೆ ಬಂದ ಮಗುವಿಗೆ ಮೊದಲ ಪಾಠದಲ್ಲಿ ಮನಸ್ಸು ನಿಲ್ಲುವುದು ಕಷ್ಟ.

ಕಂಪನ ತಗ್ಗಿಸುವ ಕ್ರಮಗಳು

ಟೈರಿನ ಪಕ್ಕದಲ್ಲಿ ಅಚ್ಚಾದ ಮಿತಿಯೊಳಗೆ ಗಾಳಿ ತುಂಬಿಸಬೇಕು. ಅತಿಯಾದ ಗಾಳಿ ಕುಲುಕಾಟವನ್ನು ಹೆಚ್ಚಿಸುತ್ತದೆ. ತೀರ ಕಡಿಮೆಯಾದರೆ ತುಳಿತ ಭಾರವಾಗುವುದಲ್ಲದೆ ಟ್ಯೂಬು ರಿಮ್ಮಿಗೆ ಸಿಲುಕಿ ತೂತಾಗುತ್ತದೆ. ಮೊಣಕೈಯನ್ನು ಸ್ವಲ್ಪ ಬಾಗಿಸಿ ಹ್ಯಾಂಡಲನ್ನು ಸಡಿಲವಾಗಿ ಹಿಡಿಯುವುದು, ಉಬ್ಬುತಗ್ಗುಗಳಲ್ಲಿ ಸೀಟಿನಿಂದ ತುಸು ಮೇಲೇಳುವುದು ಮತ್ತು ವೇಗ ತಗ್ಗಿಸುವುದು ಉಪಯುಕ್ತ. ಸ್ಪ್ರಿಂಗ್ ಸೀಟು ಬೆನ್ನಿಗೆ ತಟ್ಟುವ ಪೆಟ್ಟನ್ನು ಕಡಿಮೆ ಮಾಡುತ್ತದೆ. ಪುಸ್ತಕದ ಚೀಲವನ್ನು ಕ್ಯಾರಿಯರಿಗೆ ಕಟ್ಟಿದರೆ ಭುಜದ ಹೊರೆ ಇಳಿಯುತ್ತದೆ. ಬೆರಳುಗಳ ಜೋಮು ಸವಾರಿಯ ನಂತರವೂ ಮುಂದುವರಿದರೆ ವೈದ್ಯರಿಗೆ ತೋರಿಸುವುದು ಅಗತ್ಯ.