ಡಬ್ಬಿಯ ಕಿಮ್ಚಿಯೂ ಭರಣಿಯ ಉಪ್ಪುಸೊಳೆಯೂ

ದೀಪವಿಲ್ಲದ ದಿವಸ, ಅಂಗಡಿಗೆ ಹೋಗಲು ಹಾದಿಯಿಲ್ಲದ ದಿವಸ, ಮನೆಯ ಕಪಾಟಿನಲ್ಲಿ ಏನಿರಬೇಕು? ಈ ಪ್ರಶ್ನೆಯನ್ನು ನಮ್ಮ ಹಿರಿಯರು ವರ್ಷಂಪ್ರತಿ ಮಳೆಗಾಲಕ್ಕೆ ಮುಂಚೆಯೇ ಹಾಕಿಕೊಳ್ಳುತ್ತಿದ್ದರು. ಪಟ್ಟಣವಾಸಿಗಳಾದ ನಾವು ಅದನ್ನು ಮರೆತೇಬಿಟ್ಟಿದ್ದೆವು. 2022ನೆಯ ಇಸವಿಯ ಸೆಪ್ಟೆಂಬರು ತಿಂಗಳ ಮೊದಲನೆಯ ವಾರದಲ್ಲಿ ಬೆಂಗಳೂರಿನಲ್ಲಿ ಸುರಿದ ಮಳೆಯು ಅದನ್ನು ಮತ್ತೆ ನೆನಪಿಗೆ ತಂದುಕೊಟ್ಟಿತು.

ನಮ್ಮ ವಾಸವು ಬೆಳ್ಳಂದೂರಿನಲ್ಲಿ. ಕೆರೆಯ ಮಗ್ಗುಲಿನ ಹಳ್ಳಿಯಾಗಿದ್ದ ಈ ಸ್ಥಳದಲ್ಲಿ ಈಗ ಹೊರವರ್ತುಲ ರಸ್ತೆಯೂ ಅದರ ಇಕ್ಕೆಲಗಳಲ್ಲಿ ಗಾಜಿನ ಕಛೇರಿಗಳೂ ಇರುವುದನ್ನು ವಾಚಕರು ಬಲ್ಲರು. ಆ ವಾರ ರಸ್ತೆಯೇ ಕೆರೆಯಾಯಿತು. ಈ ಸುತ್ತಿನ ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. ನಮ್ಮ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿ ಎರಡು ದಿವಸ ವಿದ್ಯುತ್ತು ಇರಲಿಲ್ಲ. ಹಾಲು ಒಡೆಯಿತು, ದೋಸೆಯ ಹಿಟ್ಟು ಹುಳಿಯೇರಿ ಉಕ್ಕಿತು. ನಮ್ಮ ಮಗಳು ಆಸೆಪಟ್ಟು ಕೊಂಡು ತಂದಿದ್ದ ಕಿಮ್ಚಿಯ ಸೀಸೆಯ ಮುಚ್ಚಳವನ್ನು ತೆಗೆಯುತ್ತಲೇ ಕೆಂಪು ರಸವು ನೊರೆನೊರೆಯಾಗಿ ಹರಿದು ಫ್ರಿಜ್ಜನ್ನೆಲ್ಲ ಕೆಡಿಸಿತು. ಕೆಡದೆ ಉಳಿದುದು ಒಂದೇ: ಪುತ್ತೂರಿನ ಕಡೆಯವರಾದ ನಮ್ಮ ತಾಯಿಯವರು ಬೇಸಗೆಯಲ್ಲಿ ತುಂಬಿಸಿಟ್ಟಿದ್ದ ಉಪ್ಪುಸೊಳೆಯ ಭರಣಿ.

ಕಿಮ್ಚಿಯೆಂಬುದು ಕೊರಿಯ ದೇಶದವರ ನಿತ್ಯದ ವ್ಯಂಜನ. ಚೀನೀ ಕೋಸನ್ನು ಉಪ್ಪಿನಲ್ಲಿ ನೆನೆಯಿಟ್ಟು ತೊಳೆದು, ಅದರ ಎಲೆಯೆಲೆಗೂ ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿಗಳ ಮಸಾಲೆಯನ್ನು ಸವರಿ ಹುಳಿಯಲು ಬಿಡುತ್ತಾರೆ. ಚಳಿಗಾಲಕ್ಕೆ ಮುಂಚೆ ನೆಂಟರಿಷ್ಟರೂ ನೆರೆಹೊರೆಯವರೂ ಕೂಡಿ ಇದನ್ನು ಮಾಡಿ ಹಂಚಿಕೊಳ್ಳುವ ‘ಕಿಮ್‌ಜಾಂಗ್’ ಎಂಬ ಪದ್ಧತಿಯು 2013ರಲ್ಲಿ ಯುನೆಸ್ಕೋ ಸಂಸ್ಥೆಯ ಪರಂಪರೆಯ ಪಟ್ಟಿಯನ್ನು ಸೇರಿತು. ನಮ್ಮಲ್ಲಿ ಹಪ್ಪಳ ಸಂಡಿಗೆಗಳ ಕಾಲದಲ್ಲಿ ಕೇರಿಯ ಹೆಂಗಸರು ಒಂದಾಗುತ್ತಿದ್ದುದನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ತೋರದು.

ಸೀಸೆಯು ಏಕೆ ಉಕ್ಕಿತೆಂದರೆ, ಹಸಿಯ ಕಿಮ್ಚಿಯು ಸಜೀವ ವಸ್ತು. ಅದರೊಳಗಣ ಸೂಕ್ಷ್ಮಾಣುಜೀವಿಗಳು ಕೋಸಿನ ಸಿಹಿಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತ ಅನಿಲವನ್ನೂ ಬಿಡುತ್ತಿರುತ್ತವೆ. ತಣ್ಣಗಿದ್ದರೆ ಈ ಕೆಲಸವು ನಿಧಾನ, ಸೆಕೆಯಾದರೆ ತೀವ್ರ. ಡಬ್ಬಿಯಲ್ಲಿಯಾದರೋ ಕಿಮ್ಚಿಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸುವುದರಿಂದ ಆ ಜೀವಿಗಳು ಸಾಯುತ್ತವೆ, ಹುಳಿಯುವುದು ನಿಲ್ಲುತ್ತದೆ, ಫ್ರಿಜ್ಜಿನ ಹಂಗು ತಪ್ಪುತ್ತದೆ.

ಆಹಾರವನ್ನು ಹೀಗೆ ಮುಚ್ಚಿ ಕಾಯಿಸಿ ಕಾಪಾಡುವ ಉಪಾಯವನ್ನು ಕಂಡುಹಿಡಿದವನು ಫ್ರಾನ್ಸಿನ ನಿಕೊಲಾ ಅಪ್ಪೇರ್. 1810ರಲ್ಲಿ ಅವನಿಗೆ ಅಲ್ಲಿಯ ಸರಕಾರವು 12,000 ಫ್ರಾಂಕುಗಳ ಬಹುಮಾನವನ್ನು ಕೊಟ್ಟಿತು. ಅವನು ಬಳಸಿದುದು ಗಾಜಿನ ಸೀಸೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡನು ತಗಡಿನ ಪಾತ್ರೆಗೆ ಹಕ್ಕುಪತ್ರವನ್ನು ಪಡೆದನು. ಕಿಮ್ಚಿಗೆ ಡಬ್ಬಿಯ ಯೋಗವು ಬಂದುದು 1960ರ ದಶಕದಲ್ಲಿ. ವಿಯೆಟ್ನಾಮಿನ ಯುದ್ಧಕ್ಕೆ ಹೋದ ದಕ್ಷಿಣ ಕೊರಿಯದ ಸೈನಿಕರು ಊರಿನ ಊಟಕ್ಕಾಗಿ ಹಂಬಲಿಸಿದಾಗ ಅವರಿಗೋಸ್ಕರ ಅದನ್ನು ಡಬ್ಬಿಗಳಲ್ಲಿ ತುಂಬಿ ಕಳುಹಿಸುವ ಏರ್ಪಾಡಾಯಿತು. ನಮ್ಮ ಮೈಸೂರಿನಲ್ಲಿಯೂ ಇಂಥ ವಿಷಯಗಳ ಶೋಧನೆಗೆಂದೇ 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ಸಂಶೋಧನಾಲಯವೂ, 1961ರಲ್ಲಿ ಸೈನ್ಯದವರ ಆಹಾರಕ್ಕಾಗಿ ಬೇರೊಂದು ಪ್ರಯೋಗಾಲಯವೂ ಏರ್ಪಟ್ಟವು.

ಇಷ್ಟನ್ನು ಓದಿಕೊಂಡು ನಾವು ಬಹಳ ತಿಳಿದವರಂತೆ 160 ಗ್ರಾಂ ತೂಕದ ಒಂದು ಡಬ್ಬಿಯನ್ನು ಕೊಂಡು ತಂದೆವು. ಆದರೆ ಓದಬೇಕಾದುದನ್ನೇ ಓದಿರಲಿಲ್ಲ. ರಾತ್ರಿಯ ಊಟಕ್ಕೆ ನಮ್ಮ ಪತ್ನಿಯು ಅದನ್ನು ಎಲ್ಲರಿಗೂ ಬಡಿಸಿದಳು. ಶುದ್ಧ ಶಾಕಾಹಾರಿಗಳಾದ ತಾಯಿಯವರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡಿದ್ದರು. ಆಗ ಮಗಳು ಡಬ್ಬಿಯನ್ನು ತಿರುವಿ ನೋಡಿ, “ಅಪ್ಪಾ, ಇದರಲ್ಲಿ ಸೀಗಡಿ ಇದೆ” ಎಂದಳು. ಡಬ್ಬಿಯ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಕಂದು ಬಣ್ಣದ ತ್ರಿಕೋನವು ಸ್ಪಷ್ಟವಾಗಿಯೇ ಇದ್ದಿತು.

ತಾಯಿಯವರು ಮಾತಾಡದೆ ಎದ್ದುಹೋಗಿ ಬಾಯಿ ಮುಕ್ಕಳಿಸಿ, ಸ್ನಾನವನ್ನು ಮಾಡಿ, ಆ ರಾತ್ರಿ ಉಪವಾಸವಿದ್ದರು. ಪತ್ನಿಯ ಕಣ್ಣಿನಲ್ಲಿ ನೀರು ನಿಲ್ಲಲಿಲ್ಲ. ತಂದವರು ನಾವು, ಬಡಿಸಿದ ಪಾಪಕ್ಕೆ ಅಳುವವಳು ಅವಳು! ಮಾರನೆಯ ದಿವಸ ಬೆಳಿಗ್ಗೆ ತಾಯಿಯವರೇ ಅವಳನ್ನು ಕರೆದು, “ನೀನು ಬೇಕೆಂದು ಮಾಡಿದೆಯೇನು ಮಗಳೇ? ಕಾಫಿ ಕೊಡು” ಎಂದರು. ನಮ್ಮ ಕಡೆಗೆ ತಿರುಗಿ, “ಇಷ್ಟೆಲ್ಲ ಓದುತ್ತೀಯಷ್ಟೆ, ಅದನ್ನೊಂದು ಓದಬಾರದಾಗಿತ್ತೇ?” ಎಂದರು. ಉತ್ತರವಿರಲಿಲ್ಲ.

ಆದುದರಿಂದ ವಾಚಕರಿಗೆ ನಮ್ಮ ಮೊದಲನೆಯ ವಿಜ್ಞಾಪನೆಯಿದು. ಕಿಮ್ಚಿಗೆ ರುಚಿಗಾಗಿ ಉಪ್ಪುಗೂಡಿಸಿದ ಸೀಗಡಿಯನ್ನೋ ಮೀನಿನ ರಸವನ್ನೋ ಸೇರಿಸುವುದು ಕೊರಿಯದಲ್ಲಿ ಸಾಮಾನ್ಯ. ಚೌಕದೊಳಗೆ ಹಸಿರು ಬೊಟ್ಟಿದ್ದರೆ ಮಾತ್ರ ಶಾಕಾಹಾರವೆಂದು ತಿಳಿಯತಕ್ಕದ್ದು. ಮೀನಿಲ್ಲದ ಕಿಮ್ಚಿಯು ಈಚಿನವರ ಕಲ್ಪನೆಯೇನೂ ಅಲ್ಲ. ಕೊರಿಯದ ಬೌದ್ಧ ಮಠಗಳಲ್ಲಿ ಮೀನನ್ನು ಮಾತ್ರವಲ್ಲದೆ ಬೆಳ್ಳುಳ್ಳಿಯನ್ನೂ ಬಿಟ್ಟು ಅದನ್ನು ಮಾಡುತ್ತಾರೆ.

ಕೆಲವು ತಿಂಗಳು ಕಳೆದ ಮೇಲೆ ಹಸಿರು ಬೊಟ್ಟಿನ ಡಬ್ಬಿಯನ್ನು ತಂದು ಪರೀಕ್ಷಿಸಿದೆವು. ಹುಳಿಯೂ ಖಾರವೂ ಚೆನ್ನಾಗಿಯೇ ಇದ್ದವು. ಆದರೆ ಕಾಯಿಸಿದುದರಿಂದ ಎಲೆಯು ಮೆತ್ತಗಾಗಿ, ಹಸಿಯ ಕಿಮ್ಚಿಯ ಗರಿಗರಿತನವು ಮಾಯವಾಗಿತ್ತು. ಸಜೀವ ಸೂಕ್ಷ್ಮಾಣುಗಳಿಂದ ಉದರಕ್ಕೆ ಆಗುವುದೆಂದು ಹೇಳುವ ಪ್ರಯೋಜನವನ್ನೂ ಇದರಿಂದ ಅಪೇಕ್ಷಿಸಲಾಗದು. ಹಾಗೆಯೇ ತಿನ್ನುವುದಕ್ಕಿಂತ ಬೇಯಿಸಿ ತಿನ್ನುವುದೇ ಲೇಸು. ರಸವನ್ನು ಹಿಂಡಿ, ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಆರಿದ ಅನ್ನಕ್ಕೆ ಕಲಸಿದಾಗ ಕಾಲು ಗಂಟೆಯಲ್ಲಿ ನಾಲ್ವರ ಊಟವಾಯಿತು. ಹಿಂಡಿದ ರಸವನ್ನು ಅಕ್ಕಿರೊಟ್ಟಿಯ ಹಿಟ್ಟಿಗೆ ಸೇರಿಸಿದೆವು. ಅತಿಯಾಗಿ ಹುಳಿತ ಕಿಮ್ಚಿಯನ್ನು ಕೊರಿಯದವರೂ ಸಾರು ಮಾಡಿ, ಅನ್ನದೊಂದಿಗೆ ಹುರಿದು ಉಣ್ಣುತ್ತಾರೆ.

ಇನ್ನು ಕೆಲವು ಎಚ್ಚರಿಕೆಗಳು. ಉಬ್ಬಿದ, ಸೋರುವ, ತುಕ್ಕು ತಿಂದ ಡಬ್ಬಿಯನ್ನು ರುಚಿ ನೋಡುವುದಕ್ಕೂ ತೆರೆಯದೆ ಬಿಸಾಡಬೇಕು. ಉಪ್ಪೂ ಹುಳಿಯೂ ತಗಡನ್ನು ತಿನ್ನುವುದರಿಂದ ತೆರೆದ ಮೇಲೆ ಉಳಿದುದನ್ನು ಗಾಜಿನ ಪಾತ್ರೆಗೆ ಹಾಕಿ, ಫ್ರಿಜ್ಜಿನಲ್ಲಿಟ್ಟು ಬೇಗನೆ ಮುಗಿಸಬೇಕು. ರಕ್ತದ ಒತ್ತಡವುಳ್ಳವರು ಉಪ್ಪಿನ ಲೆಕ್ಕವನ್ನು ಮರೆಯಬಾರದು. 100 ಗ್ರಾಂ ಕಿಮ್ಚಿಯಲ್ಲಿ ಸುಮಾರು 500 ಮಿಲಿಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿವಸಕ್ಕೆ ಹೇಳಿರುವ ಮಿತಿಯು 2,000 ಮಿಲಿಗ್ರಾಂ. ಮನೆಯಲ್ಲಿಯೇ ತರಕಾರಿಯನ್ನು ಡಬ್ಬಿಯಲ್ಲಿ ಮುಚ್ಚುವ ಸಾಹಸವನ್ನು ಯಾರೂ ಮಾಡಬಾರದು. ಹುಳಿಯು ಸಾಲದ ಆಹಾರದಲ್ಲಿ, ಗಾಳಿಯಿಲ್ಲದೆಡೆಯೇ ಬೆಳೆಯುವ ಘೋರವಾದ ವಿಷವು ಹುಟ್ಟಬಹುದು.

ಹಾಗಾದರೆ ಡಬ್ಬಿಯನ್ನು ಕೊಳ್ಳಬೇಕೇ? ದಿನದಿನದ ಊಟಕ್ಕೆ ಬೇಡ. ದೂರದಿಂದ ಬಂದ ವಸ್ತುವಿಗೆ ಬೆಲೆಯೂ ಹೆಚ್ಚು. ಆಪತ್ತಿನ ದಿವಸಕ್ಕೆ ಒಂದೆರಡು ಇರಲಿ.

ಈ ಎರಡನೆಯ ಸಲ ತಾಯಿಯವರು ತಾವೇ ಕನ್ನಡಕವನ್ನು ಹಾಕಿಕೊಂಡು ಚೀಟಿಯನ್ನು ಪೂರ್ತಿಯಾಗಿ ಓದಿದರು. ಬಳಿಕ ರೊಟ್ಟಿಯ ಒಂದು ತುಂಡನ್ನು ತಿಂದು, “ಇದು ನಮ್ಮ ಉಪ್ಪುಸೊಳೆಗೆ ದೂರದ ನಂಟು” ಎಂದು ತೀರ್ಪಿತ್ತರು. ಆ ವರ್ಷದ ಬೇಸಗೆಯಲ್ಲಿ ಬಲಿತ ಹಲಸಿನಕಾಯಿಯನ್ನು ತರಿಸಿ, ಸೊಳೆ ಬಿಡಿಸಿ, ಉಪ್ಪು ಬೆರಸಿ, ಭರಣಿಯಲ್ಲಿ ಒತ್ತಿ ತುಂಬಿ, ಮೇಲೆ ಭಾರವನ್ನು ಹೇರುವ ಕ್ರಮವನ್ನು ಸೊಸೆಗೂ ಮೊಮ್ಮಗಳಿಗೂ ಹೇಳಿಕೊಟ್ಟರು. ಬೇಕಾದಾಗ ನೀರಿನಲ್ಲಿ ನೆನೆಯಿಟ್ಟು ಉಪ್ಪನ್ನು ಬಿಡಿಸಿದರೆ ಪಲ್ಯಕ್ಕೂ ಆಯಿತು, ರೊಟ್ಟಿಗೂ ಆಯಿತು. ಈಗ ನಮ್ಮ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ಭರಣಿಯೂ ಅದರ ಪಕ್ಕದಲ್ಲಿ ಎರಡು ಡಬ್ಬಿಗಳೂ ಇವೆ. ಡಬ್ಬಿಗಳ ಮೇಲೆ ತಾರೀಖನ್ನು ಬರೆದಿಡುವ ಕೆಲಸವನ್ನು ತಾಯಿಯವರು ನಮಗೆ ವಹಿಸಿದ್ದಾರೆ.