ಒಂದೇ ಊಟ, ಬೇರೆ ಬೇರೆ ದೇಹ: ನಿಮ್ಮ 'ಪ್ರಕೃತಿ' ಯಾವುದು?

ಕೊಲ್ಹಾಪುರದ ಹೋಟೆಲಿನಲ್ಲಿ ಮಟನ್ ಥಾಲಿ ಹೇಳಿದರೆ ಎರಡು ಬಟ್ಟಲು ಸಾರು ಜೊತೆಗೇ ಬರುತ್ತದೆ. ಒಂದು ಕೆಂಪು ಮೆಣಸಿನ ತಾಂಬಡಾ ರಸ್ಸಾ, ಇನ್ನೊಂದು ತೆಂಗಿನಹಾಲಿನ ಪಾಂಢರಾ ರಸ್ಸಾ. ಒಂದೇ ಮೇಜಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬ ತಾಂಬಡಾ ಎರಡು ಸಲ ಹಾಕಿಸಿಕೊಂಡು ಹಾಯಾಗಿ ನಿದ್ದೆ ಮಾಡುತ್ತಾನೆ. ಇನ್ನೊಬ್ಬನಿಗೆ ರಾತ್ರಿಯಿಡೀ ಎದೆಯುರಿ. ಹೀಗ್ಯಾಕೆ? ಆಯುರ್ವೇದ ಇದಕ್ಕೆ ಕೊಡುವ ಉತ್ತರ: ಪ್ರಕೃತಿ ಬೇರೆ ಬೇರೆ.

ಮೂರು ದೋಷಗಳು

ಹುಟ್ಟಿನಿಂದಲೇ ಬರುವ ದೇಹದ ಗುಣವೇ ಪ್ರಕೃತಿ. ತೆಳ್ಳಗಿನ ಮೈ, ಒಣ ಚರ್ಮ, ಹೊತ್ತುಗೊತ್ತಿಲ್ಲದ ಹಸಿವು, ಹಗುರ ನಿದ್ದೆ ಇದ್ದರೆ ವಾತ. ಜೋರು ಹಸಿವು, ಹೆಚ್ಚು ಬೆವರು, ಸೆಕೆ ತಡೆಯದ ಮೈ, ಬೇಗ ಬರುವ ಸಿಟ್ಟು ಪಿತ್ತದ ಲಕ್ಷಣ. ದಪ್ಪ ಮೈಕಟ್ಟು, ನಿಧಾನ ಜೀರ್ಣ, ಗಾಢ ನಿದ್ದೆ ಕಫದ್ದು. ಹೆಚ್ಚಿನವರಲ್ಲಿ ಎರಡು ದೋಷಗಳು ಸೇರಿಕೊಂಡಿರುತ್ತವೆ. ಪ್ರಕೃತಿ ಬದಲಾಗುವುದಿಲ್ಲ, ತಪ್ಪುವುದು ಅದರ ಸಮತೋಲನ.

ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಯುನಾನಿ ಹಕೀಮರು ಹೇಳುವ 'ಮಿಜಾಜ್' ಇದಕ್ಕೆ ಹತ್ತಿರದ್ದು. ಅಲ್ಲಿ ದಮ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ರಸಗಳ ಲೆಕ್ಕ. ಅಬ್ಬಾಸಿಯಾ ಖಲೀಫರ ಕಾಲದಲ್ಲೇ ಚರಕ, ಸುಶ್ರುತರ ಗ್ರಂಥಗಳು ಅರಬಿ ಭಾಷೆಗೆ ಹೋಗಿದ್ದವು.

ಊರು, ಕೆಲಸ, ಋತು

ಕರಾವಳಿಯ ಗಂಜಿ, ಮೀನು ಸಾರು ಉಂಡು ಬೆಳೆದವರು ಕೆಲಸಕ್ಕೆಂದು ಘಟ್ಟ ಹತ್ತಿದಾಗ ಊಟ, ನಿದ್ದೆ, ಹವೆ ಮೂರೂ ಒಟ್ಟಿಗೆ ಬದಲಾಗುತ್ತವೆ. ಪಿತ್ತದವರು ತಾಂಬಡಾ ಕಡಿಮೆ ಮಾಡಿ ಪಾಂಢರಾ ಕಡೆಗೆ ಕೈ ಹಾಕಲಿ. ಎಳನೀರು, ಕೊತ್ತಂಬರಿ ಕಾಳು ನೆನೆಸಿದ ನೀರು ಅವರಿಗೆ ಒಳ್ಳೆಯದು.

ಇಚಲಕರಂಜಿ ಪವರ್‌ಲೂಮ್‌ಗಳ ಊರು. ಅಲ್ಲಿ ರಾತ್ರಿ ಪಾಳಿ ಹೊಸದಲ್ಲ. ರಾತ್ರಿ ಎಚ್ಚರ ವಾತ ಹೆಚ್ಚಿಸುತ್ತದೆ, ಊಟವಾದ ಕೂಡಲೇ ಹಗಲು ನಿದ್ದೆ ಕಫ ಹೆಚ್ಚಿಸುತ್ತದೆ ಅನ್ನುತ್ತದೆ ಆಯುರ್ವೇದ. ಪಾಳಿಯವರು ಮಲಗಲೇಬೇಕು. ಆದರೆ ಹೊಟ್ಟೆ ತುಂಬಾ ತಿಂದು ಮಲಗುವ ಬದಲು ಹಗುರ ತಿಂದು ಮಲಗಬಹುದು. ಬಿಸಿ ಊಟ, ಮೈಗೆ ಎಳ್ಳೆಣ್ಣೆ ವಾತದವರಿಗೆ ಹಿತ.

ಗಡಹಿಂಗ್ಲಜ್ ಕಡೆ ಮಳೆಗಾಲದಲ್ಲಿ ಜಠರಾಗ್ನಿ ಕುಂದಿ ವಾತ ಏರುತ್ತದೆ. ಆಗ ಬಿಸಿನೀರು, ಶುಂಠಿ ಸಾಕು. ಮಳೆ ನಿಂತು ಬಿಸಿಲು ಬಂದಾಗ ಪಿತ್ತ ಕೆರಳುತ್ತದೆ. ಆಗ ಖಾರ ಇಳಿಸಬೇಕು. ಕಫದವರು ವರ್ಷವಿಡೀ ನಡೆಯಲಿ, ರಾತ್ರಿ ಮೊಸರು ಬಿಡಲಿ.

ಇಲ್ಲಿ ಎಚ್ಚರ ಬೇಕು

ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿ 'ನಾನು ಪಿತ್ತ' ಎಂದು ತೀರ್ಮಾನಿಸಿ ಶುಗರ್, ಬಿಪಿ ಮಾತ್ರೆ ಬಿಡುವುದು ಅಪಾಯ. ಕೊಲ್ಹಾಪುರದ ಬೆಲ್ಲ ಹೆಸರುವಾಸಿ, ಆದರೆ ಶುಗರ್ ಇದ್ದವರಿಗೆ ಅದೂ ಸಕ್ಕರೆಯೇ. ಎದೆಯುರಿ ವಾರಗಟ್ಟಲೆ ಇದ್ದರೆ, ಎದೆ ನೋವು ಬಂದರೆ 'ಪಿತ್ತ' ಅಂತ ಸುಮ್ಮನಿರದೆ ಡಾಕ್ಟರ್ ಬಳಿ ಹೋಗಿ. ಹೆಸರು, ತಯಾರಕರ ವಿವರ ಇಲ್ಲದ ಭಸ್ಮ, ಪುಡಿ ಮುಟ್ಟಬೇಡಿ. ಕೆಲವದರಲ್ಲಿ ಸೀಸ, ಪಾದರಸ ಇರುತ್ತದೆ. ಪ್ರಕೃತಿ ನೋಡಿಸುವುದಿದ್ದರೆ ನೋಂದಾಯಿತ ವೈದ್ಯರಿಂದಲೇ ನೋಡಿಸಿ.

ಹೊಟ್ಟೆಯ ಮೂರನೇ ಒಂದು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿವರ್ಯರ (ಸ) ಪಾಠ ಮದ್ರಸದಲ್ಲಿ ಕಲಿತಿದ್ದೇವೆ. ವಾತವಿರಲಿ, ಪಿತ್ತವಿರಲಿ, ಕಫವಿರಲಿ, ಮೂವರಿಗೂ ಹೊಂದುವ ಪಥ್ಯ ಅದೇ.